ಕರೆಯದೆ ಬರುವವರು

ಖಾಲ್ಕಿದಾ, 12 ಮಾರ್ಚ್ 1998

ಪ್ರೀತಿಯ ಅಪ್ಪ,

ಈ ಮನೆಗೆ ಬಂದು ನಾಲ್ಕು ತಿಂಗಳಾಯಿತು. ನಾವು ನಾಲ್ವರು ಹೆಂಗಸರು, ಎರಡು ಕೋಣೆ, ಒಂದು ಅಡುಗೆಮನೆ. ಎಂಟು ವರ್ಷ ಆಸ್ಪತ್ರೆಯಲ್ಲಿ ಬೇರೆಯವರು ಹೇಳಿದ ಹೊತ್ತಿಗೆ ಉಂಡು ಮಲಗಿದವಳ ಕೈಗೆ ಬಾಗಿಲ ಬೀಗದ ಕೈ ಕೊಟ್ಟರೆ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಮೊದಲ ವಾರವೆಲ್ಲ ಕುತ್ತಿಗೆಗೆ ಕಟ್ಟಿಕೊಂಡು ಓಡಾಡಿದೆ. ಈಗ ಜೇಬಿನಲ್ಲಿ ಇಡುತ್ತೇನೆ, ಎಲ್ಲರ ಹಾಗೆ.

ಬುಧವಾರದ ಗುಂಪಿನ ಬಗ್ಗೆ ಹಿಂದೆ ಬರೆದಿದ್ದೆ. ಮೀನುಗಾರರ ಸಂಘದ ಮಹಡಿಯಲ್ಲಿ ಒಂಬತ್ತು ಕುರ್ಚಿ ದುಂಡಗೆ ಹಾಕಿಕೊಂಡು ಕೂರುತ್ತೇವೆ. ಒಬ್ಬೊಬ್ಬರದೂ ಒಂದೊಂದು ಬಗೆಯ ತಲೆ. ನಡೆಸುವವರು ಉರಾನಿಯಾ ಅಕ್ಕ, ಆದರೆ ಅವರು ಹೆಚ್ಚಾಗಿ ಸುಮ್ಮನೆ ಕೂತು ನಮ್ಮ ಬಾಯಿಂದಲೇ ಹೊರಡಿಸುತ್ತಾರೆ. ಹೋದ ವಾರ ಕೇಳಿದರು, ಕಾಯಿಲೆ ನಿಮ್ಮಿಂದ ಕಿತ್ತುಕೊಂಡಿದ್ದರಲ್ಲಿ ಒಂದೇ ಒಂದು ವಾಪಸು ಸಿಗುವುದಾದರೆ ಏನು ಬೇಕು ಎಂದು. ಫಾನಿಸ್ ಮಾವ ಲಾರಿ ಲೈಸೆನ್ಸು ಅಂದರು. ನಾನು ನನ್ನ ಹೆಸರಿನ ಹಬ್ಬ ಅಂದೆ.

ಅಪ್ಪ, ಈ ವರ್ಷ ಅಕ್ಟೋಬರ್ ಎಂಟಕ್ಕೆ, ಸಂತ ಪೆಲಾಗಿಯಾಳ ದಿನ, ನಾನು ಕೀಮಿಗೆ ಬರುತ್ತೇನೆ. ಆ ದಿನ, ಎಲ್ಲರ ಹೆಸರಿನ ಹಬ್ಬದ ಹಾಗೆ, ಕರೆಯದೆ ಬರುವವರಿಗೆಲ್ಲ ನಮ್ಮ ಮನೆಯ ಬಾಗಿಲು ತೆರೆದಿರಬೇಕು. ಊರ ಪತ್ರಿಕೆಗೆ ಆ ಎರಡು ಸಾಲು ಕೊಡಬೇಡ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ. ನೀನು ಆಸ್ಪತ್ರೆಗೆ ಪೇಟೆಯಿಂದ ತರುತ್ತಿದ್ದ ಒಣ ಅಂಜೂರ ಸುತ್ತಿದ ಕಾಗದದಲ್ಲೇ ಓದಿದೆ: "ಪೆಲಾಗಿಯಾ ಹೆಸರಿನ ಹಬ್ಬ ಆಚರಿಸುವುದಿಲ್ಲ, ಯಾರನ್ನೂ ಬರಮಾಡಿಕೊಳ್ಳುವುದಿಲ್ಲ." ಆ ವರ್ಷ ಆ ದಿನ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ನಾನು ಬರಮಾಡಿಕೊಳ್ಳುತ್ತಿದ್ದೆ.

ನನ್ನ ಕಾಗದಗಳನ್ನು ಅಮ್ಮ ಓದುತ್ತಾಳಾ? ಅವಳು ಬರೆಯದಿದ್ದರೂ ಪರವಾಗಿಲ್ಲ, ಓದುತ್ತಾಳಾ ಅಷ್ಟು ಹೇಳು.

ನಿನ್ನ ಮಗಳು,
ಪೆಲಾಗಿಯಾ


ಕೀಮಿ, 30 ಮಾರ್ಚ್ 1998

ಮಗಳೇ,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಕ್ಷೌರದಂಗಡಿಯ ಕನ್ನಡಿ ಒಂದು ಮೂಲೆಯಲ್ಲಿ ಸೀಳಿದೆ. ಗಿರಾಕಿಗಳು ತಮ್ಮ ಒಂದು ಕಿವಿ ಎರಡಾಗಿ ಕಾಣುತ್ತದೆ ಎಂದು ದೂರುತ್ತಾರೆ. ಒಂದು ಕಿವಿಯಿಂದಲೇ ಇಷ್ಟು ಸುದ್ದಿ ಕೇಳಿಸಿಕೊಳ್ಳುವವರಿಗೆ ಎರಡಿದ್ದರೆ ಒಳ್ಳೆಯದೇ ಅಂದೆ.

ಅಕ್ಟೋಬರ್ ಇನ್ನೂ ದೂರ ಇದೆ. ನೋಡೋಣ.

ಹಾಗೆ ಬರೆದು ಮುಗಿಸಿಬಿಡೋಣವೆಂದಿದ್ದೆ, ಪೆನ್ನು ಮುಚ್ಚಲು ಮನಸ್ಸಾಗಲಿಲ್ಲ. ಈ ಊರಲ್ಲಿ ನೀನು ಅಥೆನ್ಸಿನ ಹಡಗು ಕಂಪನಿಯೊಂದರಲ್ಲಿ ಟೈಪಿಸ್ಟು. ಒಂಬತ್ತು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದೇನೆ. ಯಾರೂ ನಂಬಿಲ್ಲ ಎಂದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತು, ಆದರೂ ಕುರ್ಚಿಯಲ್ಲಿ ಕೂತವರು "ಮಗಳು ಹೇಗಿದಾಳೆ, ಅನಾರ್ಗಿರೋಸ್" ಎಂದು ಕೇಳುತ್ತಾರೆ, ನಾನು "ಸಂಬಳ ಜಾಸ್ತಿ ಆಯ್ತಂತೆ" ಅನ್ನುತ್ತೇನೆ. ಈ ಮಾತನ್ನು ಈಗ ಎಲ್ಲಿಂದ ಬಿಚ್ಚಲಿ?

ನಿನ್ನ ಕೊನೆಯ ಹಬ್ಬದ ಆ ದಿನ ನಿನಗೆ ಎಷ್ಟು ನೆನಪಿದೆಯೋ ನನಗೆ ಗೊತ್ತಿಲ್ಲ. ಮನೆ ತುಂಬ ಜನ. ಅಮ್ಮ ಅಂಜೂರದ ಪಾಕದ ತಬಕು ಹಿಡಿದು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಿದ್ದಳು. ನೀನು ಔಷಧದಂಗಡಿಯ ಎವ್ಲಾಂಬಿಯಾಳ ಬಾಯಿಂದ ಚಮಚ ಕಿತ್ತು, ತಿನ್ನಬೇಡಿ, ಅಮ್ಮ ಇದರಲ್ಲಿ ವಿಷ ಹಾಕಿದ್ದಾಳೆ ಎಂದು ಕೂಗಿದೆ. ತಬಕು ಎಸೆದೆ. ಮಾತಾಡಿದ್ದು ಕಾಯಿಲೆ, ನೀನಲ್ಲ. ಅಷ್ಟು ನಮಗೆ ಅರ್ಥವಾಗಿದೆ. ಆದರೂ ಅಮ್ಮನನ್ನು ಮತ್ತೆ ಅದೇ ತಬಕು ಹಿಡಿದು ಅದೇ ಜನರ ಮುಂದೆ ನಿಲ್ಲಿಸಲು ನನಗೆ ಧೈರ್ಯವಿಲ್ಲ.

ನೀನು ಕೇಳಿದ್ದಕ್ಕೆ: ಓದುತ್ತಾಳೆ. ನಾನು ಅಂಗಡಿಗೆ ಹೋದ ಮೇಲೆ.

ನಿನ್ನ ಅಪ್ಪ


ಖಾಲ್ಕಿದಾ, 27 ಏಪ್ರಿಲ್ 1998

ಅಪ್ಪ,

ನನಗೆ ಎಲ್ಲವೂ ನೆನಪಿದೆ. ಮರೆತಿದ್ದರೆ ಒಳ್ಳೆಯದಿತ್ತು. ತಲೆಯೊಳಗಿನ ಆ ದನಿಗಳು ಹೇಳಿದ್ದನ್ನು ನಾನು ನಂಬಿದೆ, ಮನೆಗೆ ಬಂದವರು ಸಾಯಬಾರದು ಅಂತ ಕೂಗಿದೆ. ಅಮ್ಮನ ಮುಖ ಹೇಗಾಯಿತೆಂಬುದು ಈಗಲೂ ಕಣ್ಣಮುಂದಿದೆ. ಅದಕ್ಕೇ ಆ ದಿನವನ್ನೇ ವಾಪಸು ಕೇಳುತ್ತಿದ್ದೇನೆ, ಬೇರೆ ಯಾವ ದಿನವೂ ಬೇಡ.

ಈ ತಿಂಗಳಿಂದ ಗುಂಪಿನಲ್ಲಿ ಹೊಸ ಅಭ್ಯಾಸ ಶುರುವಾಗಿದೆ. ನನ್ನಿಂದಲೇ ಶುರುವಾಗಿದ್ದು. ಪ್ರತಿ ಬುಧವಾರ ಒಬ್ಬರ ಹೆಸರಿನ ಹಬ್ಬ ಎಂದಿಟ್ಟುಕೊಂಡು ಉಳಿದವರು ಅತಿಥಿಗಳಾಗಿ ಬರಬೇಕು. ನಿಜವಾದ ಪಾಕ, ನಿಜವಾದ ತಣ್ಣೀರು, ಬಾಗಿಲು ಮಾತ್ರ ಸಂಘದ್ದು. ಮೊದಲ ಸಲ ಫಾನಿಸ್ ಮಾವ ಮೆಟ್ಟಿಲು ಹತ್ತಿ ಬಂದು ಟೋಪಿ ತೆಗೆದು ಹೊಸ್ತಿಲಲ್ಲೇ ನಿಂತರು. ಒಳಗೆ ಬನ್ನಿ ಅಂದೆ. "ಬರ್ಲಾ? ನಿಜವಾಗ್ಲೂ ಬರ್ಲಾ?" ಎಂದರು. ನಾವೆಲ್ಲ ನಕ್ಕೆವು, ಅವರು ನಗಲಿಲ್ಲ. ಹತ್ತೊಂಬತ್ತು ವರ್ಷದಿಂದ ಯಾರ ಮನೆಗೂ ಹೋಗಿಲ್ಲವಂತೆ. ಕರೆಯದೆ ಹೋಗುವುದೇ ಹೆಸರಿನ ಹಬ್ಬದ ಮರ್ಯಾದೆ, ಆದರೆ ತನ್ನಂಥವನು ಕರೆಯದೆ ಹೋದರೆ ಜನ ಹೆದರುತ್ತಾರೆ ಅಂದರು.

ಡೋಮ್ನಾ ಎಂಬಾಕೆ ಚುಚ್ಚಿ ಮಾತಾಡುವ ಅತ್ತೆಯ ಪಾತ್ರ ಹಾಕುತ್ತಾಳೆ. ಸೊಂಟಕ್ಕೆ ಕೈಯಿಟ್ಟು, "ಏನೇ, ಮಾತ್ರೆ ತಿಂದು ತಿಂದು ಡ್ರಮ್ಮು ಆಗಿದೀಯಲ್ಲೇ, ಯಾವನು ಮದ್ವೆ ಆಗ್ತಾನೆ ನಿನ್ನ" ಎನ್ನುತ್ತಾಳೆ. ಮೊದಲ ವಾರ ನಾನು ತಬಕು ಕೆಳಗಿಟ್ಟು ಬಚ್ಚಲಿಗೆ ಓಡಿದೆ. ಎರಡನೇ ವಾರ ಅಲ್ಲೇ ನಿಂತು ಅತ್ತುಬಿಟ್ಟೆ. ಮೊನ್ನೆ ಹೇಳಿದೆ, "ಹೌದತ್ತೆ, ಮಾತ್ರೆ ತಗೋತೀನಿ, ದಪ್ಪ ಆಗಿದೀನಿ. ಇನ್ನೊಂದು ಚಮಚ ಹಾಕ್ಲಾ?" ಎಲ್ಲರೂ ಚಪ್ಪಾಳೆ ತಟ್ಟಿದರು.

ಉರಾನಿಯಾ ಅಕ್ಕ ಮೇ ತಿಂಗಳಿಂದ ಕೀಮಿಗೂ ಬರುತ್ತಾರೆ, ಮನೆಯವರ ಗುಂಪು ನಡೆಸಲು. ತಿಂಗಳ ಮೊದಲ ಸೋಮವಾರ ಸಂಜೆ ಐದಕ್ಕೆ, ಶಾಲೆಯಲ್ಲಿ. ಸೋಮವಾರ ನಿನ್ನ ಅಂಗಡಿಗೆ ರಜೆ. ನೆಪ ಹೇಳಲು ನಿನಗೆ ದಾರಿಯಿಲ್ಲ.

ಪೆಲಾಗಿಯಾ


ಕೀಮಿ, 10 ಜೂನ್ 1998

ಮಗಳೇ,

ಮೇ ತಿಂಗಳಲ್ಲಿ ಹೋಗಿದ್ದೆ. ಹೋಗಿದ್ದೆ ಅಂದರೆ ಶಾಲೆಯ ಗೇಟಿನ ಮುಂದೆ ಮೂರು ಸಲ ಹಾದುಹೋದೆ, ಯಾವನೋ ನೋಡಿದ ಎಂದು ಬೇಕರಿಗೆ ನುಗ್ಗಿ ಬೇಡದ ಬ್ರೆಡ್ಡು ತಂದೆ. ಜೂನ್ ಒಂದಕ್ಕೆ ತಲೆ ತಗ್ಗಿಸಿ ಒಳಗೆ ಹೋದೆ. ಮಕ್ಕಳ ಬೆಂಚುಗಳು, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ತಲೆ ಎತ್ತಿದರೆ ಎದುರಿಗೆ ಬಂದರಿನ ಟಿಕೆಟ್ಟು ಮಾರುವ ಜಖಾರಿಸ್.

ಇಪ್ಪತ್ತೆರಡು ವರ್ಷದಿಂದ ಅವನ ಗಡ್ಡ ಹೆರೆಯುತ್ತಿದ್ದೇನೆ. ಎಡಗಿವಿಯ ಹಿಂದೆ ಮಚ್ಚೆ ಇದೆ, ಎಲ್ಲಿ ಕತ್ತಿ ಮೆಲ್ಲಗೆ ಹೋಗಬೇಕು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅವನ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬ ತಮ್ಮ ಇದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ಹಡಗು ಹತ್ತಿ ಆಸ್ಟ್ರೇಲಿಯಾಗೆ ಹೋದ ಅಂದಿದ್ದ, ನಾನೂ ಅಲ್ಲಿ ಕುರಿ ಚೆನ್ನಾಗಿದೆಯಂತೆ ಎಂದು ತಲೆ ಆಡಿಸಿದ್ದೆ. ಅದರ ಹಿಂದಿನ ವಾರವಷ್ಟೇ ಅವನು ನನಗೆ ನಿನ್ನ ಸಂಬಳ ಎಷ್ಟು ಎಂದು ಕೇಳಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಅವನು, "ಟೈಪಿಸ್ಟು?" ಅಂದ. ನಾನು, "ಕುರಿ?" ಅಂದೆ. ನಗು ಹಿಡಿಯಲು ಆಗಲಿಲ್ಲ. ನಿಮ್ಮ ಉರಾನಿಯಾ ಅಕ್ಕ ಏನೂ ಅರ್ಥವಾಗದೆ ಕೂತಿದ್ದರು. ನಗುತ್ತ ನಗುತ್ತ ಅವನು ಅತ್ತುಬಿಟ್ಟ. ನನಗೂ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಅಮ್ಮನನ್ನೂ ಕರೆದೆ. ಎಳೆ ಅಂಜೂರ ಬಂದಿದೆ, ಪಾಕಕ್ಕೆ ಹಾಕಬೇಕು, ಪುರುಸೊತ್ತಿಲ್ಲ ಅಂದಳು. ಒಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿ ಪಾಕ ಮಾಡಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ನಿನ್ನ ಅಪ್ಪ


ಖಾಲ್ಕಿದಾ, 21 ಆಗಸ್ಟ್ 1998

ಅಪ್ಪ,

ಇಷ್ಟು ದಿನ ಬರೆಯದಿದ್ದುದಕ್ಕೆ ಗಾಬರಿಯಾಗಿರುತ್ತೀಯ. ಜುಲೈಯಲ್ಲಿ ದನಿಗಳು ಮತ್ತೆ ಬಂದವು. ಈ ಸಲ ನಾನೇ ಗುಂಪಿನಲ್ಲಿ ಹೇಳಿದೆ, ಬಂದಿವೆ ಎಂದು. ಫಾನಿಸ್ ಮಾವ ಕೇಳಿದರು, "ಏನಂತವೆ?" ಅಕ್ಟೋಬರಿಗೆ ಹೋಗಬೇಡ ಅನ್ನುತ್ತವೆ ಅಂದೆ. "ಅವಕ್ಕೇನು, ಟಿಕೆಟ್ಟು ನೀನಲ್ವಾ ತಗೊಳ್ಳೋದು" ಅಂದರು. ಔಷಧ ಬದಲಾಯಿಸಿದ್ದಾರೆ. ಕೈ ಸ್ವಲ್ಪ ನಡುಗುತ್ತದೆ, ಅದಕ್ಕೇ ಅಕ್ಷರ ಹೀಗಿದೆ.

ಅಮ್ಮ ಪಾಕ ಹಾಕಿದಳು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ನನಗಾಗಿ ಹಾಕಿದಳಾ? ಕೇಳಬೇಡ ಅವಳನ್ನು. ನನಗೆ ಅವಳದೊಂದು ಕಾಗದ ಬೇಕು ಅಪ್ಪ. ಬೈದಿದ್ದರೂ ಸರಿ, ಅವಳ ಅಕ್ಷರ ನೋಡಬೇಕು.

ಪೆಲಾಗಿಯಾ


ಕೀಮಿ, 16 ಸೆಪ್ಟೆಂಬರ್ 1998

ಮಗಳೇ,

ಗಟ್ಟಿಯಾಗಿ ಕೂತು ಓದು. ಊರಿಗೆಲ್ಲ ಹೇಳಿಬಿಟ್ಟಿದ್ದೇನೆ.

ಉಪಾಯ ನನ್ನದೇ. ಗಿರಾಕಿಯನ್ನು ಒರಗಿಸಿ, ನೊರೆ ಹಚ್ಚಿ, ಗಂಟಲಿಗೆ ಕತ್ತಿ ಇಟ್ಟ ಮೇಲೆ ಶುರು ಮಾಡುತ್ತೇನೆ: "ನನ್ನ ಮಗಳು ಅಥೆನ್ಸಲ್ಲಿಲ್ಲ. ಅವಳಿಗೆ ತಲೆ ಕಾಯಿಲೆ ಆಗಿತ್ತು, ಆಸ್ಪತ್ರೇಲಿದ್ಲು, ಈಗ ಖಾಲ್ಕಿದಾದಲ್ಲಿ ಮನೆ ಮಾಡ್ಕೊಂಡಿದಾಳೆ. ಅಕ್ಟೋಬರ್ ಎಂಟಕ್ಕೆ ಬರ್ತಾಳೆ." ಯಾರೂ ಅಲ್ಲಾಡುವುದಿಲ್ಲ. ಅಲ್ಲಾಡಿದರೆ ಅವರಿಗೇ ಕಷ್ಟ. ಮುಖ ಒರೆಸಿಕೊಂಡು ಎದ್ದ ಮೇಲೆ ಒಬ್ಬ ಕೈ ಕುಲುಕಿದ, ಒಬ್ಬ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದ. ಇಬ್ಬರು ಈ ತಿಂಗಳು ಬೇರೆ ಅಂಗಡಿ ನೋಡಿಕೊಂಡಿದ್ದಾರೆ. ಅವರ ತಲೆ ಹೇಗೂ ಬೋಳು.

ಪತ್ರಿಕೆಗೆ ಏನೂ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಬಾಗಿಲು ತೆರೆದಿದೆ ಎಂದೇ ಅರ್ಥ. ಬಾ. ಅಮ್ಮ ನಿನ್ನ ಕೋಣೆಯ ಪರದೆ ಒಗೆದು ಹಾಕಿದ್ದಾಳೆ. ಏನೂ ಹೇಳಿಲ್ಲ, ಒಗೆದಿದ್ದಾಳೆ ಅಷ್ಟೆ. ಒಂದು ಸಲವಾದರೂ ಬಾಯಿ ಬಿಡಲಿ ಎಂದು ನನಗೂ ಆಸೆ. ನಲವತ್ತು ವರ್ಷದಿಂದ ಅವಳ ಜೊತೆ ಇದ್ದೇನೆ, ಅವಳ ಮೌನ ಓದಲು ಈಗಲೂ ಕನ್ನಡಕ ಬೇಕು.

ನಿನ್ನ ಅಪ್ಪ


ಖಾಲ್ಕಿದಾ, 12 ಅಕ್ಟೋಬರ್ 1998

ಅಪ್ಪ,

ಬುಧವಾರ ಇದನ್ನೆಲ್ಲ ಗುಂಪಿನಲ್ಲಿ ಹೇಳಬೇಕು. ಅದಕ್ಕೆ ಮೊದಲು ನಿನಗೆ ಆದ ಕ್ರಮದಲ್ಲೇ ಬರೆದು ನೋಡುತ್ತಿದ್ದೇನೆ. ನೀನೂ ಅಲ್ಲೇ ಇದ್ದೆ, ಆದರೆ ಅರ್ಧಕ್ಕೆ ಮಾತ್ರ.

ಹಬ್ಬದ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತೆಗೆದೆವು. ನೀನು ಟೈ ಕಟ್ಟಿದ್ದೆ. ಹನ್ನೆರಡು, ಒಂದು, ಮೂರು. ಬೀದಿಯಲ್ಲಿ ಯಾರಾದರೂ ಬಂದರೆ ನೀನು ಎದ್ದು ನಿಲ್ಲುತ್ತಿದ್ದೆ, ಅವರು ಮುಂದೆ ಹೋಗುತ್ತಿದ್ದರು. ನಾನು ನಿನ್ನನ್ನು ನೋಡದೆ ಗೋಡೆ ನೋಡುತ್ತಿದ್ದೆ. ಐದಕ್ಕೆ ಜಖಾರಿಸ್ ಬಂದರು, ಕೈಯಲ್ಲಿ ಪತ್ರಿಕೆ. ಹೊಸ್ತಿಲು ದಾಟಲಿಲ್ಲ. "ಅಂಗಡೀಲಿ ಬಾ ಅಂತೀಯ, ಪೇಪರಲ್ಲಿ ಬರಬೇಡ ಅಂತೀಯ. ಯಾವುದನ್ನಪ್ಪ ನಂಬೋದು ನಾವು?" ಎಂದು ಆ ಎರಡು ಸಾಲು ತೋರಿಸಿದರು. ನೀನು ಮುಖ ಕೆಂಪಾಗಿ ಪತ್ರಿಕೆ ನಡೆಸುವ ಪೊಲಿಕಾರ್ಪೋಸನ ಮನೆಗೆ ಓಡಿದೆ. ಅಮ್ಮ ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಆಮೇಲಿನದು ನಿನಗೆ ಗೊತ್ತಿಲ್ಲ. ನಾನು ಬಸ್ಸು ಹತ್ತುವಾಗ ನೀನು ಕೇಳಿದೆ, ನಾನು ಹೇಳಲಿಲ್ಲ. ಅತ್ತುಬಿಡುತ್ತೇನೆಂದು ಹೆದರಿಕೆಯಾಯಿತು.

ನಾನು ತಬಕು ಎತ್ತಿಕೊಂಡೆ. ಪಾಕದ ಬಟ್ಟಲು, ಆರು ಚಮಚ, ನೀರಿನ ಲೋಟಗಳು. ಬರಮಾಡಿಕೊಳ್ಳುವುದಿಲ್ಲ ಎಂದಲ್ಲವೇ ಬರೆದಿರುವುದು? ಹೋಗುವುದಿಲ್ಲ ಎಂದು ಯಾರೂ ಬರೆದಿಲ್ಲ. ಕೈ ನಡುಗಿ ಲೋಟಗಳು ಬೀದಿಯುದ್ದಕ್ಕೂ ಕಿಣಿಕಿಣಿ ಅನ್ನುತ್ತಿದ್ದವು. ಮೂಲೆ ಮನೆಯವರು ಕಿಟಕಿಯಿಂದ ನೋಡಿ ಬಾಗಿಲು ತೆಗೆಯಲಿಲ್ಲ. ಮೇಷ್ಟರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತುಕೊಂಡೇ ತಿಂದು, ನನ್ನ ಭುಜದಾಚೆ ನೋಡುತ್ತ ನೂರು ವರ್ಷ ಬಾಳು ಅಂದರು. ಆದರೂ ಅಂದರು.

ಮೂರನೆಯದು ಎವ್ಲಾಂಬಿಯಾ ಅತ್ತೆಯ ಮನೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಳಗೆ ಬಾ, ನಿಂತ್ಕೊಂಡು ತಿನ್ನೋಕಾಗಲ್ಲ ನಂಗೆ, ಮಂಡಿ ನೋವು" ಅಂದರು. ಕೂತರು. ಚಮಚ ಎತ್ತಿ ಬಾಯ ಹತ್ತಿರ ತಂದು ನಿಲ್ಲಿಸಿದರು. "ಈ ಸಲ ತಿನ್ನಬಹುದಾ?" ಎಂದು ಕೇಳಿದರು. ನಾನು, "ತಿನ್ನಿ ಅತ್ತೆ, ನಮ್ಮಮ್ಮ ಮಾಡಿದ್ದು" ಅಂದೆ. ಪೂರ್ತಿ ತಿಂದರು. ಇನ್ನೊಂದು ಹಾಕಿಸಿಕೊಂಡರು.

ಆಮೇಲೆ ಹೇಳಿದರು, "ಅವತ್ತು ನೀನಂದಿದ್ದನ್ನ ಊರಲ್ಲಿ ಒಬ್ಬರೂ ನಂಬಲಿಲ್ಲ ಕಣೇ. ಆದ್ರೆ ನಿಮ್ಮಮ್ಮ ಅವತ್ತಿಂದ ನಮ್ಮ ಯಾರ ಮನೇಗೂ ಬರಲಿಲ್ಲ, ಒಂದು ಲೋಟ ನೀರು ಕುಡೀಲಿಲ್ಲ. ನಾವೇ ಕಾಯ್ಕೊಂಡು ಕೂತಿದೀವಿ."

ಅಪ್ಪ, ಆ ದಿನ ನಾನು ನನ್ನ ಹಬ್ಬ ಮಾತ್ರ ಎಸೆದೆ ಅಂದುಕೊಂಡಿದ್ದೆ. ಅವಳದನ್ನೂ ಎಸೆದಿದ್ದೆ. ವಾಪಸು ಬಂದಾಗ ಅವಳು ಖಾಲಿ ಬಟ್ಟಲು ನನ್ನ ಕೈಯಿಂದ ತೆಗೆದುಕೊಂಡಳು. ಯಾರು ತಿಂದರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತೆವು. ಹತ್ತಿರ ಸರಿಯಬೇಕೆಂದು ಎಷ್ಟು ಆಸೆಯಾಯಿತು ಗೊತ್ತಾ, ಸರಿಯಲಿಲ್ಲ.

ಪೆಲಾಗಿಯಾ


ಕೀಮಿ, 20 ಅಕ್ಟೋಬರ್ 1998

ಮಗಳೇ,

ಪೊಲಿಕಾರ್ಪೋಸನನ್ನು ಕಂಡು ಬಂದೆ. ಅಚ್ಚಿನವರ ತಪ್ಪಂತೆ. ಪ್ರತಿ ವರ್ಷ ಹಾಕುತ್ತಿದ್ದುದರಿಂದ ನಾನು ಮರೆತಿರಬೇಕು ಎಂದು ತಾವೇ ಹಾಕಿದರಂತೆ. ಉಪಕಾರ ಮಾಡಲು ಹೋಗಿ ಹೀಗಾಯಿತು. ಅದನ್ನು ಇಲ್ಲಿಗೇ ಬಿಡು.

ನಿನ್ನ ಕಾಗದವನ್ನು ಅಂಗಡಿಗೆ ಹೋಗುವ ಮೊದಲು ಮೇಜಿನ ಮೇಲೆ ಬಿಚ್ಚಿಟ್ಟು ಹೋದೆ. ಸಂಜೆ ಬಂದಾಗ ಅಲ್ಲಿರಲಿಲ್ಲ.

ಜಖಾರಿಸ್ ಶನಿವಾರ ತಮ್ಮನನ್ನು ಕರೆದುಕೊಂಡು ಬಂದಿದ್ದ. ಹಿಂದಿನ ಕುರ್ಚಿ ಬೇಡ, ಬೀದಿ ಕಾಣುವ ಕುರ್ಚಿಯಲ್ಲೇ ಕೂರಿಸು ಅಂದ. ಆ ಮನುಷ್ಯನ ಕೂದಲಿಗೆ ಎಷ್ಟೋ ವರ್ಷದಿಂದ ಅಡುಗೆಮನೆಯ ಕತ್ತರಿ ಬಿಟ್ಟು ಬೇರೆ ಬಿದ್ದಿಲ್ಲ. ಒಂದು ಗಂಟೆ ಹಿಡಿಯಿತು.

ಇವತ್ತು ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಅಪ್ಪ


ಕೀಮಿ, 29 ಅಕ್ಟೋಬರ್ 1998

ಪೆಲಾಗಿಯಾ,

ನಿನ್ನಪ್ಪ ನಿನಗೆ ಸುಳ್ಳು ಬರೆದಿದ್ದಾರೆ. ನನ್ನನ್ನು ಕಾಪಾಡಲು. ಅಚ್ಚಿನವರ ತಪ್ಪಲ್ಲ. ಸೆಪ್ಟೆಂಬರ್ ಕೊನೆಯ ಶುಕ್ರವಾರ ನಾನೇ ಹೋಗಿ ಆ ಎರಡು ಸಾಲು ಕೊಟ್ಟು ಬಂದೆ. ಯಾರಿಗೂ ಹೇಳಬೇಡ ಅಂದಿದ್ದೆ, ಪೊಲಿಕಾರ್ಪೋಸ್ ಅಪ್ಪನಿಗೆ ಹೇಳಿಬಿಟ್ಟಿದ್ದಾನೆ.

ನೀನು ಬೆಳಗಿನಿಂದ ಬಾಗಿಲು ತೆಗೆದು ಕೂತು ಯಾರೂ ಬರದೆ ಹೋದರೆ ಏನು ಮಾಡುತ್ತೀಯ ಎಂದು ಬೇಸಿಗೆಯೆಲ್ಲ ಯೋಚಿಸಿದೆ. ಬರುವುದಿಲ್ಲ ಎಂದೇ ನನಗೆ ಖಾತ್ರಿ ಇತ್ತು. ಬರದಿದ್ದರೆ ಅದಕ್ಕೆ ಪೇಪರು ಕಾರಣವಾಗಲಿ, ನೀನು ಕಾರಣವಾಗಬೇಡ ಅಂದುಕೊಂಡೆ. ಅದಕ್ಕೇ ಕೊಟ್ಟೆ. ಬರುವವರಿದ್ದರೋ ಏನೋ, ಅವರನ್ನೂ ನಾನೇ ತಡೆದೆ. ಇದು ನನ್ನ ತಪ್ಪು.

ಸಿಟ್ಟಿನಿಂದ ನಿನಗೆ ಬರೆಯಲಿಲ್ಲ ಅಂದುಕೊಂಡಿದ್ದೀಯ. ಸಿಟ್ಟಲ್ಲ, ಹೆದರಿಕೆ. ನನ್ನ ಕೈಯಿಂದ ಕೊಟ್ಟಿದ್ದು ವಿಷ ಎಂದು ನಿನಗೆ ಒಮ್ಮೆ ಅನ್ನಿಸಿದ ಮೇಲೆ, ನನ್ನಿಂದ ಬಂದ ಯಾವುದನ್ನೂ ನೀನು ಮುಟ್ಟಲಾರೆ ಅನ್ನಿಸಿತು. ಆಸ್ಪತ್ರೆಗೆ ಬರುತ್ತಿದ್ದ ಅಂಜೂರ ಪೇಟೆಯದಲ್ಲ. ನಾನು ಮಾಳಿಗೆಯ ಮೇಲೆ ಒಣಗಿಸಿದ್ದು. ಪೇಟೆಯದು ಎಂದು ಹೇಳಿ ಕೊಡಿ, ಇಲ್ಲದಿದ್ದರೆ ತಿನ್ನುವುದಿಲ್ಲ ಎಂದು ಅಪ್ಪನಿಗೆ ನಾನೇ ಹೇಳಿದ್ದೆ. ಎಂಟು ವರ್ಷ ನೀನು ತಿಂದೆ. ಅಪ್ಪ ವಾಪಸು ಬಂದಾಗಲೆಲ್ಲ ಒಂದೇ ಕೇಳುತ್ತಿದ್ದೆ, ತಿಂದಳಾ ಎಂದು.

ಹಬ್ಬದ ದಿನ ನೀನು ತಬಕು ಹಿಡಿದು ಹೊರಟಾಗ ಕಿಟಕಿಯಲ್ಲಿ ನಿಂತು ನೋಡಿದೆ. ನಾನು ಮಾಡಿದ್ದನ್ನು ನೀನು ಊರಿಗೆ ಹಂಚಲು ಹೋಗುತ್ತಿದ್ದೆ. ಎವ್ಲಾಂಬಿಯಾಗೆ ನೀನು ಹೇಳಿದ ಮಾತನ್ನು ಕಾಗದದಲ್ಲಿ ಓದಿ, ಆ ಹಾಳೆಯನ್ನು ಹತ್ತು ದಿನದಿಂದ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನಿನ್ನೆ ಅವಳ ಮನೆಗೆ ಹೋಗಿ ಬಂದೆ. ಒಂದು ಲೋಟ ನೀರು ಕುಡಿದೆ. ಅವಳು ಏನೂ ಕೇಳಲಿಲ್ಲ, ಒಳ್ಳೆಯ ಹೆಂಗಸು.

ಬರುವ ಬುಧವಾರ ನಾನು ಖಾಲ್ಕಿದಾಗೆ ಬರುತ್ತೇನೆ. ಒಬ್ಬಳೇ. ಒಂದು ಗಂಟೆಯ ಬಸ್ಸಿಗೆ ಹೊರಟರೆ ನಿಮ್ಮ ಗುಂಪು ಕೂರುವ ಹೊತ್ತಿಗೆ ಮುಟ್ಟುತ್ತೇನೆ. ನನ್ನನ್ನು ಯಾರೂ ಕರೆದಿಲ್ಲ, ಕರೆಯದೆ ಬರುತ್ತಿದ್ದೇನೆ. ಆ ದುಂಡಗೆ ಹಾಕಿದ ಕುರ್ಚಿಗಳಲ್ಲಿ ನನಗೆ ಜಾಗ ಇದೆಯೋ ಇಲ್ಲವೋ ಗೊತ್ತಿಲ್ಲ. ನನ್ನನ್ನು ಬರಮಾಡಿಕೊಳ್ಳಲು ನಿನಗೆ ಮನಸ್ಸಿಲ್ಲದಿದ್ದರೆ ಅದನ್ನು ಬೇರೆ ಯಾರ ಕೈಲೂ ಹೇಳಿಸಬೇಡ, ನೀನೇ ಕೆಳಗೆ ಬಂದು ನನ್ನ ಮುಖ ನೋಡಿ ಹೇಳು. ಮೆಟ್ಟಿಲ ಬಳಿ ಕೂತಿರುತ್ತೇನೆ. ಕೊನೆಯ ಬಸ್ಸು ಆರೂವರೆಗೆ.

ನಿನ್ನ ಅಮ್ಮ,
ಕಲ್ಲಿರೋಯಿ